ಚಿಮಟದ ಸದ್ದು

"ನೀವು ರಜೆಯಲ್ಲೇ ಇರಬೇಕಿತ್ತು," ಎಂದು ನರ್ಸ್ ಡಾಕ್ಟರಮ್ಮನಿಗೆ ಪಿಸುಗುಟ್ಟಿದ್ದು ಗಡಿಯಾರ ರಿಪೇರಿಯ ಮುದುಕನ ಕಿವಿಗೆ ಬಿತ್ತು.

ಅವನು ಆಪರೇಷನ್ ಮೇಜಿನ ಮೇಲೆ ಮಲಗಿದ್ದ. ಅವನ ಮುಖಕ್ಕೆ ಹಸಿರು ಬಟ್ಟೆ ಹೊದಿಸಿದ್ದರು. ಬಲಗಣ್ಣಿಗೆ ಮಾತ್ರ ಕಿಂಡಿ. ಕಣ್ಣಿನ ಕೆಳಗೆ ಕೊಟ್ಟ ಚುಚ್ಚುಮದ್ದು ಕೆಲಸ ಮಾಡಿತ್ತು. ಮೊದಲು ಉರಿ, ಆಮೇಲೆ ಭಾರ, ಈಗ ಅಲ್ಲಿ ಕಣ್ಣೇ ಇಲ್ಲದಂತೆ. ಆದರೆ ಮರಗಟ್ಟಿದ್ದು ಕಣ್ಣು, ಕಿವಿಯಲ್ಲ.

ಎಡಗಣ್ಣು ಎಂದೋ ಹೋಗಿತ್ತು. ಬಲಗಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯೂ ಬೆಳ್ಳಗಾಗಿದ್ದರಿಂದ, ಸತ್ತವರು ಯಾರೋ ದಾನ ಮಾಡಿದ ಪೊರೆಯನ್ನು ಇಂದು ಅಲ್ಲಿ ಹೊಲಿಯುವವರಿದ್ದರು. ಇದೂ ಕೆಟ್ಟರೆ ಉಳಿದ ಆಯುಷ್ಯವೆಲ್ಲ ಕತ್ತಲೆ.

"ನೋವಾದ್ರೆ ನನ್ನ ಕೈ ಒತ್ತಿ, ಅಜ್ಜ. ನಿಲ್ಲಿಸ್ತೀವಿ," ಎಂದಳು ನರ್ಸ್.

"ಯಾವನೋ ಮುದುಕನದ್ದೇ ಹಾಕ್ತೀರೇನೋ. ಅವನಿಗೂ ಚಾಳೀಸು ಬಂದಿರುತ್ತೆ ನೋಡಿ," ಎಂದು ಅವನು ಭಯ ಮುಚ್ಚಲು ನಕ್ಕ.

ಯಾರೂ ನಗಲಿಲ್ಲ. ಪಕ್ಕದ ಮೇಜಿನ ಮೇಲೆ ಚಿಮಟ ಗಾಜಿನ ಬಟ್ಟಲಿಗೆ ತಾಗಿ ಟಿಣಟಿಣ ಎಂದಿತು.

ಅವನಿಗೆ ಆ ಸದ್ದು ಗೊತ್ತಿತ್ತು. ಜೀವಮಾನವೆಲ್ಲ ಚಿಮಟ ಹಿಡಿದು ಬದುಕಿದವನು. ಒಮ್ಮೆ ತಾಗಿದರೆ ಅವಸರ. ಹೀಗೆ ಬಿಡದೆ ತಾಗಿದರೆ ಕೈನಡುಕ. ಅವನ ಅಂಗಡಿಯ ಜೊತೆಗಾರನ ಚಿಮಟ ಹೀಗೆ ಸದ್ದು ಮಾಡತೊಡಗಿದ್ದು ಕುಡಿತಕ್ಕೆ ಬಿದ್ದ ಮೇಲೆ.

ನರ್ಸಿನ ಕೈಯನ್ನು ಬಲವಾಗಿ ಒತ್ತಿದ.

"ನೋವಾ?"

"ನೋವಿಲ್ಲ. ಡಾಕ್ಟರಮ್ಮನ ಕೈ ನಡುಗ್ತಿದೆ. ನನಗಿರೋದು ಇದೊಂದೇ ಕಣ್ಣು, ತಾಯಿ."

ಚಿಮಟವನ್ನು ಕೆಳಗಿಟ್ಟ ಸದ್ದು ಕೇಳಿಸಿತು.

"ಬಟ್ಟಲಲ್ಲಿರೋ ಆ ಪೊರೆಗೆ ಕೈ ಹಾಕುವಾಗ ನಡುಗಿತು," ಎಂದರು ಡಾಕ್ಟರಮ್ಮ. "ನಿಮ್ಮ ಕಣ್ಣಿನ ಮೇಲೆ ನಡುಗಲ್ಲ. ನಂಬಿಕೆ ಇಲ್ಲದಿದ್ರೆ ಹೇಳಿ, ಇಲ್ಲಿಗೇ ಬಿಡ್ತೀನಿ. ಇನ್ನೂ ಕತ್ತರಿಸಿಲ್ಲ."

ನಿದ್ದೆಗೆಟ್ಟವರ ಒಣಗಿದ ದನಿ ಅದು. ಆದರೂ ತೊದಲಲಿಲ್ಲ. ಅವನು ದೇವರನ್ನು ನೆನೆದ. ಹಿಡಿತ ಸಡಿಲಿಸಿದ.

"ನಡೀಲಿ, ತಾಯಿ."

ಆಮೇಲೆ ಅವನು ಕಿವಿ ನಿಮಿರಿಸಿಕೊಂಡೇ ಮಲಗಿದ್ದ. ಚಿಮಟ ಒಮ್ಮೆಯೂ ಸದ್ದು ಮಾಡಲಿಲ್ಲ.

ಮರುದಿನ ಬೆಳಿಗ್ಗೆ ನರ್ಸಿನೊಂದಿಗೆ ಡಾಕ್ಟರಮ್ಮನೇ ಬಂದು ಪಟ್ಟಿ ಬಿಚ್ಚಿದರು. ಮಂಜಿನಾಚೆ ಎಂಬಂತೆ ಒಂದು ಮುಖ ಮೂಡಿತು: ನರೆಯುತ್ತಿರುವ ಮುಂಗೂದಲು, ಊದಿಕೊಂಡ ರೆಪ್ಪೆ. ಆಕೆ ಬಹಳ ಹೊತ್ತು ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು.

"ಕಾಣ್ತೀನಾ, ಮಗು?"

"ಕಾಣ್ತೀರಿ, ತಾಯಿ. ಕಾಣ್ತೀರಿ."

ಆಕೆ ತಲೆಯಾಡಿಸಿ, ಸರಸರನೆ ಹೊರಗೆ ಹೋಗಿಬಿಟ್ಟರು.

ಅವನಿಗೆ ನಗು ತಡೆಯಲಾಗಲಿಲ್ಲ. "ನೋಡಮ್ಮ, ನನಗೇ ಅವರ ವಯಸ್ಸಿನ ಮಗಳಿದ್ದಾಳೆ. ನನ್ನನ್ನ ಮಗು ಅಂತಾರಲ್ಲ."

ಬಿಚ್ಚಿದ ಪಟ್ಟಿಯನ್ನು ನರ್ಸ್ ಮಡಿಸುತ್ತ ನಿಂತಳು. "ಅವರು ಕೇಳಿದ್ದು ನಿಮ್ಮನ್ನಲ್ಲ, ಅಜ್ಜ. ಮೊನ್ನೆ ತೀರಿಕೊಂಡ ಅವರ ಮಗನ ಕಣ್ಣು ಅದು."