ಆರನೆಯ ಹೆಸರು

ನನ್ನ ಮಧ್ಯಾಹ್ನದ ಕಂಪ್ಯೂಟರ್ ಕ್ಲಾಸಿನಲ್ಲಿ, ಪ್ರೋಗ್ರಾಮಿನೊಳಗೆ ಪಟ್ಟಿ ಮಾಡುವ 'ಅರೇ' ಅಭ್ಯಾಸ ನಡೆದಿತ್ತು. ಅರವತ್ತು ದಾಟಿದ ಸರ್ವಮಂಗಳಮ್ಮ ಎಂದಿನಂತೆ ಕೈ ಎತ್ತಿದರು.

"ಮಿಸ್, ಮತ್ತೆ ಕೆಂಪಕ್ಷರ ಬಂತು."

ಪಕ್ಕದಲ್ಲಿ ಕೂತು ನೋಡಿದೆ. ಅದೇ ತಪ್ಪು. ಅರೇಯಲ್ಲಿದ್ದದ್ದು ಐದೇ ಹೆಸರು, ಒಂದೊಂದೇ ಹೆಸರು ಓದುತ್ತಾ ಹೋಗುವ ಅವರ ಲೂಪ್ ಆರನೆಯದನ್ನು ಹುಡುಕುತ್ತಿತ್ತು.

"ಎಣಿಕೆ ಸೊನ್ನೆಯಿಂದ ಶುರು, ಅಮ್ಮ. ನಾಲ್ಕಕ್ಕೆ ನಿಲ್ಲಿಸ್ಬೇಕು."

"ತಲೇಲಿ ನಿಲ್ಲೋದೇ ಇಲ್ಲ ನೋಡಿ. ನಿಮ್ದು ಊಟ ಆಯ್ತಾ? ನಂದು ನಿನ್ನೆ ಸಾರೇ. ಒಬ್ಬಳಿಗೆ ಅಂತ ಏನು ಮಾಡೋದು?"

ತಿಂಗಳಿಡೀ ಹೀಗೇ. ಈ ವಯಸ್ಸಿನಲ್ಲಿ ಇದು ತಲೆಗೆ ಹತ್ತುವುದಿಲ್ಲ ಅಂದುಕೊಂಡೆ.

ಪರೀಕ್ಷೆಯ ದಿನ ನಾನು ಯಾರ ಪಕ್ಕವೂ ಕೂರುವಂತಿರಲಿಲ್ಲ. ಇಡೀ ಕ್ಲಾಸಿನಲ್ಲಿ ಒಂದೂ ತಪ್ಪಿಲ್ಲದ ಉತ್ತರ ಸರ್ವಮಂಗಳಮ್ಮನದು.

ಮರುದಿನ ಮತ್ತೆ ಕೈ ಎತ್ತಿದರು.

"ಮಿಸ್, ಅದೇ ಕೆಂಪಕ್ಷರ."

ಕುರ್ಚಿ ಎಳೆದುಕೊಂಡು ಕೂತೆ. ಪರದೆ ನೋಡಲಿಲ್ಲ.

"ಇವತ್ತೂ ನಿನ್ನೆ ಸಾರೇನಾ, ಅಮ್ಮ?"