ಇಬ್ಬರು ಶಕುಂತಲೆಯರು, ಒಂದು ಮೇಲ್

ಆ ಕಾಲದ ಮೇಲ್‌ಗಳಿಗೆ ಒಂದು ವಿಚಿತ್ರ ಹಟವಿತ್ತು. ಒಂದೇ ಹೆಸರಿನವರು ಇಬ್ಬರಿದ್ದರೆ, ಕಳಿಸುವಾಗ ಯಾರ ಮುಖ ನೆನಪಾಯಿತೋ ಅವರ ಹತ್ತಿರವೇ ಹೋಗಿ ಕೂರುತ್ತಿದ್ದವು. ಹುಬ್ಬಳ್ಳಿಯ ಪಂಪ್‌ಸೆಟ್ ಕಂಪನಿಯ ಮಹಾಂತೇಶನ ಪಾಡಂತೂ ಕೇಳಲೇಬೇಡಿ. ಗೋದಾಮಿನ ಹಿರಿಯ ಶಕುಂತಲಕ್ಕನಿಗೆ ಬರೆದ ಆರ್ಡರುಗಳೆಲ್ಲ ಡಿಸೈನ್ ವಿಭಾಗದ ಶಕುಂತಲಾಗೆ ಹೋಗುತ್ತಿದ್ದವು. ಕಾರಣ ಇಡೀ ಆಫೀಸಿಗೆ ಗೊತ್ತಿತ್ತು.

“ಇವತ್ತೂ ತಪ್ಪಿತಂದ್ರ ನಿನ್ನ ನರಗುಂದದ ಬ್ರಾಂಚಿಗೆ ಎತ್ತಿ ಹಾಕ್ತೇನಿ ನೋಡಪಾ!” ಎಂದರು ಮ್ಯಾನೇಜರ್.

ನರಗುಂದದಲ್ಲಿ ಯಾವ ಶಕುಂತಲೆಯೂ ಇರಲಿಲ್ಲ. ಮಹಾಂತೇಶ ಬೆವತುಹೋದ.

ಕನಿಕರಪಟ್ಟು ಶಕುಂತಲಕ್ಕನೇ ಅವನೆದುರು ಕುರ್ಚಿ ಎಳೆದುಕೊಂಡು ಕೂತಳು. “ನನ್ನ ಮಾರಿ ನೋಡಕೋತ ಸೆಂಡ್ ಒತ್ತೋ ತಮ್ಮಾ. ಮೂಗಿನ ಮ್ಯಾಲಿನ ಈ ಚಾಳೀಸು ನೋಡು, ಎಲಿಅಡಿಕಿ ತಿಂದ ಈ ಹಲ್ಲು ನೋಡು!” ಎಂದು ಹಲ್ಲು ಕಿಸಿದಳು.

ಅವನು ನಗು ತಡೆಯಲಾರದೆ ಒತ್ತಿದ. ಮೇಲ್ ನೆಟ್ಟಗೆ ಅಕ್ಕನಿಗೇ ಬಂತು! ಆಫೀಸಿನ ತುಂಬ ಸಿಳ್ಳೆ. ಮ್ಯಾನೇಜರೇ ಎಲ್ಲರಿಗೂ ಮಿರ್ಚಿ ಭಜಿ ತರಿಸಿದರು.

ಅಷ್ಟರಲ್ಲಿ ಡಿಸೈನಿನ ಶಕುಂತಲಾ ಮುಖ ಊದಿಸಿಕೊಂಡು ದಡದಡ ಬಂದಳು.

“ಏನ್ರೀ ಮಹಾಂತೇಶ, ಇಷ್ಟೊತ್ತಾದ್ರೂ ನನಗ ಒಂದು ಮೇಲೂ ಇಲ್ಲ? ಇವತ್ತ ಯಾರ ನೆನಪಿನ್ಯಾಗ ಕುಂತೀರಿ?”

ಮಹಾಂತೇಶ ತನ್ನ ಕೈಯಲ್ಲಿದ್ದ ಭಜಿಯನ್ನೇ ಅವಳತ್ತ ಚಾಚಿದ.

“ನನ್ನ ನೆನಪಿನ್ಯಾಗ ಇದ್ದ ನೋಡವಾ,” ಎಂದಳು ಶಕುಂತಲಕ್ಕ, ಭಜಿ ಮುರಿಯುತ್ತ. “ನನ್ನ ಕೆಲಸ ಮುಗೀತು. ಇನ್ನ ನೀನ ಕರಕೊಂಡು ಹೋಗು.”