ಬೂದಿಯಲ್ಲಿ ಬರೆದ ನದಿ

ಒಲೆಯ ಬೂದಿಯಲ್ಲಿ ತಾನೇ ಬೆರಳಿನಿಂದ ಬರೆದಿದ್ದ ನದಿಯನ್ನು, ದೋಣಿ ಹೊತ್ತು ನಡೆಯುವ ದಾರಿಯನ್ನು ಅಜಿಜಾಕ್ ಮಾವ ಅಂಗೈಯಿಂದ ಒರೆಸಿಬಿಟ್ಟ. ದಾರಿ ಕೇಳಿದವನು ನೋಡಿಕೊಂಡ ಮೇಲೆ ಅದು ಉಳಿಯಬಾರದು. ದಾರಿ ಕೇಳಿ ಬಂದಿದ್ದ ಬಿಳಿಯ ನಕ್ಷೆಗಾರ ಮೆರ್ಸಿಯೇ ಕೂಡ, ಆ ನದಿಯನ್ನು ನೋಡಿ ಬರೆದುಕೊಂಡ ತನ್ನ ಕಾಗದವನ್ನು ಒಲೆಗೆ ಹಾಕುತ್ತಾನೆಂದು ಬೀದಾಬನ್ ಕಾದಳು. ಅವನೋ ಶಾಯಿ ಒಣಗಲೆಂದು ಮರಳು ಉದುರಿಸುತ್ತಿದ್ದ.

"ನೋಡ್ಕೊಂಡಾಯ್ತಲ್ಲ, ಸುಡು ಅದನ್ನ," ಎಂದಳು.

"ಸುಡೋದಾ? ತಾಮ್ರದ ತಗಡಲ್ಲಿ ಕೆತ್ತಿಸ್ತೀನಿ. ಪ್ಯಾರಿಸ್‌ನಲ್ಲಿ ಯಾರು ಬೇಕಾದ್ರೂ ಕೊಳ್ಳಬಹುದು. ನಾನು ಸತ್ರೂ ಇದು ಅಳಿಯಲ್ಲ."

"ಕೇಳಿದ್ಯೇನೇ? ನನ್ನ ನದಿ ಕಡಲು ದಾಟುತ್ತಂತೆ!" ಮಾವ ಉಬ್ಬಿಹೋದ.

ಬೀದಾಬನ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ಕಾಗದದ ತುದಿಯಲ್ಲಿ, ನದಿ ಸರೋವರ ಸೇರುವಲ್ಲಿ, ಒಂದು ಪುಟ್ಟ ದ್ವೀಪವಿತ್ತು. ಅವಳ ಬಸುರಿ ಮಗಳು ಈ ಚಳಿಗಾಲ ಕಳೆಯುತ್ತಿದ್ದದ್ದು ಅಲ್ಲೇ. ಮೆರ್ಸಿಯೇಯ ಗರಿಲೇಖನಿ ಅದರ ಪಕ್ಕದಲ್ಲಿ ಬಂದು ನಿಂತಿತು. "ಇಲ್ಲಿ ಯಾರಿದ್ದಾರೆ?"

ಮಾವ ಬಾಯಿ ತೆರೆದ. ಅವಳು ಕಾಡಕ್ಕಿಯ ಗಂಜಿಯನ್ನು ಸೌಟಿನ ಸಮೇತ ಆ ಬಾಯಿಗೆ ತುರುಕಿದಳು. "ತಿನ್ನು ಮಾವ, ಆರಿಹೋಗುತ್ತೆ." ಆಮೇಲೆ ಬಿಳಿಯನ ಕಡೆ ತಿರುಗಿದಳು. "ಅದು ಸಿಡುಬು ಬಂದೋರನ್ನ ಬಿಟ್ಟುಬರೋ ಜಾಗ. ಹೋದೋರು ಯಾರೂ ವಾಪಸ್ ಬಂದಿಲ್ಲ."

ಬಿಸಿಗೆ ಮಾವನ ಕಣ್ಣಲ್ಲಿ ನೀರು ಬಂತು. ಅವಳ ಮುಖವನ್ನೊಮ್ಮೆ ನೋಡಿ, ಗಂಜಿ ನುಂಗಿದ. "ಹೌದಪ್ಪಾ, ನನ್ನ ಹೆಂಡ್ತೀನೂ ಅಲ್ಲೇ ಬಿಟ್ಟುಬಂದೆ." ಹೊರಗೆ ಅವನ ಹೆಂಡತಿ ನಾಯಿಗೆ ಬೈಯುತ್ತಿದ್ದಳು.

ಮೆರ್ಸಿಯೇ ದ್ವೀಪದ ಮೇಲೆ ದಪ್ಪಗೆ ಶಿಲುಬೆ ಎಳೆದು, 'ಸಿಡುಬು' ಎಂದು ಬರೆದ. ಬೀದಾಬನ್ ಒಂದು ಹಿಡಿ ಮರಳು ತೆಗೆದುಕೊಂಡು ಆ ಹಸಿ ಶಾಯಿಯ ಮೇಲೆ ತಾನೇ ಉದುರಿಸಿದಳು. ಚೆನ್ನಾಗಿ ಒಣಗಲೆಂದು, ಬಗ್ಗಿ ಊದಿದಳು.